ಇಂಡಿ ಲಿಂಬೆ ಇರುವಾಗ ಬಾಟಲಿಯ ರಸವೇಕೆ?

ಹೋಟೆಲಿನ ಬಾರ್ ಕೌಂಟರಿನ ಹಿಂದೆ ದುಡಿದು ಈಗ ಬೆಳಗಾವಿಯಲ್ಲಿ ನೆಲೆಸಿರುವ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.

ಪ್ರಶ್ನೆ: ಸರ್, ಮೊಬೈಲಿನಲ್ಲಿ ನೋಡಿ ಮನೆಯಲ್ಲೇ ವಿಸ್ಕಿಗೆ ಲಿಂಬೆರಸ, ಸಕ್ಕರೆ ಪಾಕ ಬೆರೆಸುವ ವಿಸ್ಕಿ ಸವರ್ ಮಾಡಿದೆ. ಒಮ್ಮೆ ವಿಪರೀತ ಸಿಹಿಯಾಯಿತು, ಇನ್ನೊಮ್ಮೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಅಂಗಡಿಯಲ್ಲಿ ಸಿಗುವ ಬಾಟಲಿ ಲಿಂಬೆರಸ ಬಳಸಿದ್ದೆ. ನಮ್ಮದು ಸಸ್ಯಾಹಾರಿ ಮನೆ, ಮೊಟ್ಟೆ ಒಳಗೆ ಬರುವಂತಿಲ್ಲ. ಶೇಕರ್ ಕೂಡ ಇಲ್ಲ. ದಾರಿ ಇದೆಯೇ?
— ಓದುಗರು, ವಿಜಯಪುರ

ಉತ್ತರ: ವಿಜಯಪುರದಲ್ಲಿದ್ದುಕೊಂಡು ಬಾಟಲಿ ಲಿಂಬೆರಸ ತಂದಿರಲ್ಲ, ಅದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ನಿಮ್ಮದೇ ಜಿಲ್ಲೆಯ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಸಂತೆಯಲ್ಲಿ ಅಂಥ ಹಣ್ಣು ಸಿಗುವಾಗ ಸಂರಕ್ಷಕ ಬೆರೆಸಿದ ರಸ ಏಕೆ ಬೇಕು? ಬಾಟಲಿಯಲ್ಲಿ ಹುಳಿ ಉಳಿದಿರುತ್ತದೆ, ಪರಿಮಳ ಹೋಗಿರುತ್ತದೆ. ಸವರ್ ನಿಲ್ಲುವುದೇ ಆ ಪರಿಮಳದ ಮೇಲೆ. ವಿಸ್ಕಿ ಸಾಧಾರಣದ್ದಾದರೂ ನಡೆದೀತು, ಲಿಂಬೆ ಮಾತ್ರ ಆಗಷ್ಟೇ ಹಿಂಡಿದ್ದಾಗಿರಬೇಕು.

ಇನ್ನೊಂದು ವಿಷಯ ಗಮನಿಸಿ. ಹೊರದೇಶದವರು ಸವರ್‌ಗೆ ಬಳಸುವುದು ದಪ್ಪ ಸಿಪ್ಪೆಯ, ದೊಡ್ಡ ಹಳದಿ ಲೆಮನ್ ಹಣ್ಣನ್ನು. ನಮ್ಮದು ತೆಳು ಸಿಪ್ಪೆಯ ಸಣ್ಣ ಲಿಂಬೆ, ಹುಳಿ ತುಸು ಹೆಚ್ಚು, ಘಮ ತುಸು ತೀಕ್ಷ್ಣ. ಅವರ ಅಳತೆಯನ್ನು ಹಾಗೆಯೇ ಹಿಡಿದರೆ ಹಲ್ಲು ಜುಮ್ಮೆನ್ನುವುದು ಸಹಜ. ಅವರು 25 ಮಿ.ಲೀ. ಹಾಕುವಲ್ಲಿ ನಾನು 20 ಹಾಕುತ್ತೇನೆ. ಒಂದು ಗ್ಲಾಸಿಗೆ ನನ್ನ ಲೆಕ್ಕ ಹೀಗೆ: ವಿಸ್ಕಿ 60 ಮಿ.ಲೀ., ಲಿಂಬೆರಸ 20 ಮಿ.ಲೀ., ಸಕ್ಕರೆ ಪಾಕ 20 ಮಿ.ಲೀ. ಪಾಕಕ್ಕೆ ಒಂದು ಬಟ್ಟಲು ಸಕ್ಕರೆಗೆ ಅಷ್ಟೇ ನೀರು. ಸಕ್ಕರೆ ಕರಗಿದ ಕೂಡಲೇ ಒಲೆ ಆರಿಸಿ. ಎಳೆ ಬರುವ ತನಕ ಕುದಿಸಿದರೆ ಅದು ಜಾಮೂನಿನ ಪಾಕವಾಗುತ್ತದೆ, ಇದಕ್ಕೆ ಬಾರದು. ತಣ್ಣಗಾದ ಮೇಲೆ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿಗಿಟ್ಟರೆ ಎರಡು ವಾರಕ್ಕೆ ತೊಂದರೆಯಿಲ್ಲ.

ಅಳತೆ ಕಣ್ಣಂದಾಜಿನಲ್ಲಿ ಬೇಡವೇ ಬೇಡ. ಒಮ್ಮೆ ಸಿಹಿ, ಒಮ್ಮೆ ಹುಳಿ ಆಗುತ್ತಿರುವುದಕ್ಕೆ ಬಾಟಲಿ ರಸಕ್ಕಿಂತ ದೊಡ್ಡ ಕಾರಣ ಇದೇ. ಐದು ಮಿ.ಲೀ. ಹೆಚ್ಚುಕಡಿಮೆಯಾದರೂ ನಾಲಿಗೆಗೆ ತಿಳಿಯುತ್ತದೆ. ಇದಕ್ಕೆ ಬೇರೆ ಸಲಕರಣೆ ಕೊಳ್ಳುವ ಅಗತ್ಯವಿಲ್ಲ. ಕೆಮ್ಮಿನ ಔಷಧದ ಬಾಟಲಿಯ ಮೇಲೆ ಗೆರೆ ಹಾಕಿದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಬರುತ್ತದಲ್ಲ, ಅದನ್ನು ಚೆನ್ನಾಗಿ ತೊಳೆದು ಇಟ್ಟುಕೊಳ್ಳಿ.

ಲಿಂಬೆಯನ್ನು ಹಲಗೆಯ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ, ಅಡ್ಡ ಕತ್ತರಿಸಿ, ಮೆಲ್ಲಗೆ ಹಿಂಡಿ. ಕೊನೆಯ ಹನಿಯವರೆಗೆ ತಿರುಚಬೇಡಿ, ಸಿಪ್ಪೆಯ ಕಹಿ ಇಳಿಯುತ್ತದೆ. ಬೀಜ ಒಂದೂ ಉಳಿಯಬಾರದು.

ಮೊಟ್ಟೆಯ ಮಾತಿಗೆ ಬರುತ್ತೇನೆ. ಬಾರುಗಳಲ್ಲಿ ನೊರೆಗಾಗಿ ಹಸಿ ಮೊಟ್ಟೆಯ ಬಿಳಿ ಹಾಕುತ್ತಾರೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಭಯ ಇದ್ದೇ ಇದೆ, ಆದ್ದರಿಂದ ಮೊಟ್ಟೆ ತಿನ್ನುವವರಿಗೂ ನಾನು ಹೇಳುವುದು ಕಾಬೂಲಿ ಕಡಲೆಯ ಕಟ್ಟು. ರಾತ್ರಿ ನೆನೆಹಾಕಿದ ಕಡಲೆಯನ್ನು ಉಪ್ಪು, ಸೋಡಾ ಹಾಕದೆ ಬೇಯಿಸಿ. ಕಡಲೆ ಪಲ್ಯಕ್ಕೆ ಹೋಗಲಿ, ಉಳಿದ ನೀರನ್ನು ಫ್ರಿಜ್ಜಿನಲ್ಲಿಡಿ. ತಣ್ಣಗಾದಾಗ ಅದು ಬೆರಳಿಗೆ ಅಂಟುವಷ್ಟು ಲೋಳೆಯಾಗಿರಬೇಕು. ತೆಳ್ಳಗಿದ್ದರೆ ಇನ್ನೂ ಸ್ವಲ್ಪ ಕುದಿಸಿ ಇಳಿಸಿ. ಗ್ಲಾಸಿಗೆ 20 ಮಿ.ಲೀ. ಸಾಕು. ಕಡಲೆಯ ವಾಸನೆ ಬರುವುದೇ ಎಂಬ ಅಂಜಿಕೆ ಬೇಡ, ಲಿಂಬೆ ಅದನ್ನು ಮುಚ್ಚುತ್ತದೆ.

ಶೇಕರ್ ಬದಲು ಬಿಗಿ ಮುಚ್ಚಳದ ಸ್ಟೀಲ್ ನೀರಿನ ಬಾಟಲಿ ಇದ್ದರಾಯಿತು, ಬಾಯಿ ಅಗಲ ಇರಬೇಕು. ಎಲ್ಲವನ್ನೂ ಹಾಕಿ, ಐಸ್ ಇಲ್ಲದೆ ಹದಿನೈದು ಸೆಕೆಂಡು ಜೋರಾಗಿ ಕುಲುಕಿ. ನೊರೆ ಹುಟ್ಟುವುದು ಈಗಲೇ. ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದಿರಿ. ನಂತರ ಬಾಟಲಿಯ ಮುಕ್ಕಾಲು ಭಾಗ ಐಸ್ ತುಂಬಿ ಮತ್ತೆ ಅಷ್ಟೇ ಹೊತ್ತು. ಸ್ಟೀಲಿನ ಹೊರಮೈ ಬೆಳ್ಳಗೆ ಬೆವರಿ, ಹಿಡಿದ ಬೆರಳು ಜೋಮು ಹಿಡಿಯುವಾಗ ನಿಲ್ಲಿಸಿ. ಐಸ್ ಕಡಿಮೆ ಹಾಕಿದರೆ ಅದು ಬೇಗ ಕರಗಿ ಪಾನೀಯ ನೀರಾಗುತ್ತದೆ. ನಿಮ್ಮ ಊರಿನ ಏಪ್ರಿಲ್ ತಿಂಗಳಲ್ಲಂತೂ ಗ್ಲಾಸನ್ನೂ ಮೊದಲೇ ಫ್ರೀಜರಿನಲ್ಲಿಡಿ.

ಚಹಾ ಸೋಸುವ ಜಾಲರಿಯ ಮೂಲಕ ಸುರಿಯಿರಿ. ಮೊದಲು ಇಡೀ ಗ್ಲಾಸು ಮಸುಕು ಕಂದಾಗಿರುತ್ತದೆ. ಮುಟ್ಟದೆ ಬಿಡಿ. ತಳದಿಂದ ಜೇನುಬಣ್ಣ ತಿಳಿಯಾಗುತ್ತ ಮೇಲೇರುತ್ತದೆ, ನೊರೆ ಮೇಲೆ ಸೇರಿ ಬೆರಳಗಲ ಕೆನೆಯಾಗಿ ನಿಲ್ಲುತ್ತದೆ, ನಡುವಿನ ಗೆರೆ ಸ್ಪಷ್ಟವಾಗುತ್ತದೆ. ಆ ಗೆರೆ ಮೂಡಿದರೆ ನಿಮ್ಮ ಕಟ್ಟು, ನಿಮ್ಮ ಕುಲುಕಾಟ ಎರಡೂ ಸರಿಯಾಗಿವೆ ಎಂದು ತಿಳಿಯಿರಿ.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ವಿಸ್ಕಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಗಾತ್ರದಲ್ಲಿ ಶೇ. 42.8 ಮದ್ಯಸಾರ ಎಂದಿರುತ್ತದೆ. ಅಂದರೆ 60 ಮಿ.ಲೀ.ಯಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ. ಸಿಹಿಹುಳಿಯಲ್ಲಿ ಅದರ ಖಾರ ಗಂಟಲಿಗೆ ತಿಳಿಯುವುದಿಲ್ಲ, ಎರಡನೆಯದು ತಾನಾಗಿ ಕೈಗೆ ಬರುತ್ತದೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿದೆ. ಮಾಡಿದ್ದು ಒಂದು, ಕುಡಿದದ್ದು ಒಂದು ಎಂಬಲ್ಲಿಗೆ ಬಾಟಲಿ ಕಪಾಟು ಸೇರಲಿ.

ಪ್ರಶ್ನೆ: ಕಾಕಾ, ವಿಸ್ಕಿಯ ಕಾಕ್‌ಟೇಲ್ ಓಲ್ಡ್ ಫ್ಯಾಷನ್ಡ್‌ಗೆ ಸಕ್ಕರೆ ಬದಲು ನಮ್ಮ ಮಹಾಲಿಂಗಪುರದ ಬೆಲ್ಲ ಹಾಕಬಹುದೇ? ಬಿಟರ್ಸ್ ಎಂಬ ಕಹಿ ಸಾರ ಇಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತಿಲ್ಲ. ಅದಿಲ್ಲದೆ ನಡೆಯುವುದಿಲ್ಲವೇ?
— ಓದುಗರು, ಮುಧೋಳ

ಉತ್ತರ: ಬೆಲ್ಲ ಧಾರಾಳವಾಗಿ ಹಾಕು ತಮ್ಮಾ. ಸವರ್‌ನಲ್ಲಿ ಬೆಲ್ಲ ಲಿಂಬೆಯ ಘಮವನ್ನು ಮಂಕು ಮಾಡುತ್ತದೆ, ಅಲ್ಲಿ ನನಗೆ ಸೇರುವುದಿಲ್ಲ. ಓಲ್ಡ್ ಫ್ಯಾಷನ್ಡ್‌ನಲ್ಲಿ ಹುಳಿಯೇ ಇಲ್ಲವಾದ್ದರಿಂದ ವಿಸ್ಕಿಯ ಮರದ ವಾಸನೆಗೂ ಬೆಲ್ಲಕ್ಕೂ ಚೆನ್ನಾಗಿ ಹೊಂದಿಕೆಯಾಗುತ್ತದೆ. ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಅಗ್ಗದ ವಿಸ್ಕಿಗೆ ಕಬ್ಬಿನ ಕಾಕಂಬಿಯಿಂದ ಬಟ್ಟಿ ಇಳಿಸಿದ ಸಾರವನ್ನೇ ಬೆರೆಸುತ್ತಾರೆ. ಯುರೋಪಿನ ಕಾನೂನು ಅದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ, ಧಾನ್ಯದಿಂದಲೇ ಆಗಬೇಕೆನ್ನುತ್ತದೆ. ಆದರೆ ಬೆಲ್ಲದೊಡನೆ ಅದು ಬೆರೆಯುವ ರೀತಿ ನನಗೆ ಇಷ್ಟ.

ತೀರ ಹಳದಿಯಾಗಿ ಹೊಳೆಯುವ ಬೆಲ್ಲ ಬೇಡ, ಆ ಬಣ್ಣಕ್ಕೆ ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕಿರುವ ಸಂಭವ ಹೆಚ್ಚು. ಕಂದು ಬೆಲ್ಲ ಆರಿಸಿ, ಕುಟ್ಟಿ, 100 ಗ್ರಾಂ ಬೆಲ್ಲಕ್ಕೆ 50 ಮಿ.ಲೀ. ಬಿಸಿನೀರಿನಲ್ಲಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸು. ಮರಳು, ಕಬ್ಬಿನ ಸಿಬರು ಏನಾದರೂ ಇದ್ದರೆ ಬಟ್ಟೆಯಲ್ಲಿ ನಿಲ್ಲುತ್ತದೆ. 60 ಮಿ.ಲೀ. ವಿಸ್ಕಿಗೆ ಒಂದು ಟೀ ಚಮಚ ಸಾಕು.

ಬಿಟರ್ಸ್ ಬಿಟ್ಟರೆ ಅದು ಓಲ್ಡ್ ಫ್ಯಾಷನ್ಡ್ ಅಲ್ಲ, ಇಲ್ಲಿ ನಾನು ರಾಜಿಯಾಗುವುದಿಲ್ಲ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೇನು ಎಂದು ಕೇಳಿದ ಓದುಗನಿಗೆ ಉತ್ತರ ಕೊಟ್ಟಿತ್ತು: ಮದ್ಯ, ಸಕ್ಕರೆ, ನೀರು, ಬಿಟರ್ಸ್. ಈ ಪಾನೀಯ ಇಂದಿಗೂ ಆ ನಾಲ್ಕೇ. ಎಲ್ಲರೂ ಬಳಸುವ ಅಂಗೋಸ್ಟುರಾ ಬಿಟರ್ಸನ್ನು ವೆನೆಜುವೆಲಾದಲ್ಲಿದ್ದ ಜರ್ಮನ್ ವೈದ್ಯ ಸೀಗರ್ಟ್ 1824ರಲ್ಲಿ ಹೊಟ್ಟೆಯ ತೊಂದರೆಗೆಂದು ತಯಾರಿಸಿದ. ಅದರಲ್ಲಿ ಕಹಿ ಕೊಡುವುದು ಜೆನ್ಷಿಯನ್ ಬೇರು. ನಮ್ಮ ಕಿರಾತಕಡ್ಡಿಯೂ ಅದೇ ಕುಟುಂಬದ ಸಸ್ಯ. ಒಂದು ಗ್ಲಾಸಿಗೆ ಎರಡೇ ಹನಿ ಬೀಳುವುದರಿಂದ ಒಂದು ಬಾಟಲಿ ವರ್ಷಗಟ್ಟಲೆ ಬರುತ್ತದೆ. ಬೆಳಗಾವಿಗೋ ಹುಬ್ಬಳ್ಳಿಗೋ ಬರುವವರಿಗೆ ಹೇಳಿ, ದೊಡ್ಡ ಅಂಗಡಿಗಳಲ್ಲಿ ವಿಚಾರಿಸಿ ತರಿಸಿಕೊ.

ಇದನ್ನು ಕುಲುಕಬಾರದು. ಸ್ಟೀಲ್ ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ ದೊಡ್ಡ ಐಸ್ ಗಡ್ಡೆ ಮಾಡಿಕೊ, ಗ್ಲಾಸಿಗೆ ಹಿಡಿಸುವಷ್ಟು ಒಡೆದು ಹಾಕಿ ಚಮಚದಿಂದ ಅರ್ಧ ನಿಮಿಷ ತಿರುಗಿಸು. ಕೊನೆಗೆ ಹೆಬ್ಬೆರಳಗಲದ ಕಿತ್ತಳೆ ಸಿಪ್ಪೆಯನ್ನು ಬೆಳಕಿಗೆ ಹಿಡಿದು, ಹೊರಮೈ ಗ್ಲಾಸಿನ ಕಡೆಗಿರುವಂತೆ ಮಡಚಿ ಚಿವುಟಿದರೆ ಸಣ್ಣ ಮಂಜಿನಂತೆ ಎಣ್ಣೆ ಚಿಮ್ಮುವುದು ಕಾಣುತ್ತದೆ. ಮೂಗಿಗೆ ಮೊದಲು ಸಿಗುವುದು ಅದೇ.

ಪ್ರಶ್ನೆ: ಕಾಕ್‌ಟೇಲಿಗೆಂದು ದುಬಾರಿ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಬಾರ್ಲಿ ಮಾಲ್ಟಿನಿಂದ ಮಾಡಿದ ವಿಸ್ಕಿ) ಕೊಳ್ಳಬೇಕೇ? ಗೋವಾದಿಂದ ತರಿಸಿದರೆ ಅಗ್ಗವಲ್ಲವೇ?
— ಓದುಗರು, ಬೆಳಗಾವಿ

ಉತ್ತರ: ಎರಡಕ್ಕೂ ಬೇಡ ಎನ್ನುತ್ತೇನೆ. ಒಳ್ಳೆಯ ಮಾಲ್ಟ್‌ಗೆ ಸಕ್ಕರೆ, ಲಿಂಬೆ ಸುರಿದರೆ ಮಾಡಿದವರ ವರ್ಷಗಳ ಶ್ರಮವನ್ನು ಮುಚ್ಚಿಹಾಕಿದಂತೆ. ನಮ್ಮ ಬೆಂಗಳೂರಿನ ಅಮೃತ್ ಕಂಪನಿ 2004ರಲ್ಲಿ ಗ್ಲಾಸ್ಗೋಗೆ ಹೋಗಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿ ಗೌರವ ಗಳಿಸಿತು. ಅಂಥದ್ದನ್ನು ನಾಲ್ಕು ಹನಿ ನೀರಿನೊಡನೆ ಸವಿಯಿರಿ. ಕಾಕ್‌ಟೇಲಿಗೆ ಮಧ್ಯಮ ಬೆಲೆಯದು ಸಾಕು. ಗೋವಾದಿಂದ ಚೋರ್ಲಾ ಘಾಟ್ ದಾಟಿಸಿ ಪರವಾನಗಿ ಇಲ್ಲದೆ ಮದ್ಯ ತರುವುದು ಅಬಕಾರಿ ಕಾನೂನಿನಲ್ಲಿ ಅಪರಾಧ.

ಪ್ರಶ್ನೆ: ಅಣ್ಣಾ, ಮನೆಗೆ ಬರುವ ನೆಂಟರಲ್ಲಿ ಅರ್ಧ ಜನ ಕುಡಿಯುವುದಿಲ್ಲ. ನಮ್ಮ ಮೈದುನ ರಾತ್ರಿಯೇ ಇಳಕಲ್‌ಗೆ ಕಾರು ಓಡಿಸಿಕೊಂಡು ಹೋಗಬೇಕು. ಅವರಿಗೆ ಪ್ಯಾಕೆಟ್ ಜ್ಯೂಸ್ ಕೊಡಲು ಮನಸ್ಸಿಲ್ಲ. ಏನು ಮಾಡಲಿ?
— ಓದುಗರು, ಬಾಗಲಕೋಟೆ

ಉತ್ತರ: ತಂಗಿ, ನಿಮ್ಮ ಪತ್ರ ನನಗೆ ಬಹಳ ಹಿಡಿಸಿತು. ಕುಡಿಯದವರಿಗೂ ಅಷ್ಟೇ ಆಸ್ಥೆಯಿಂದ ಮಾಡಿಕೊಡಬೇಕು. ವಿಸ್ಕಿಯ ಜಾಗಕ್ಕೆ ಕಡು ಚಹಾ ಹಾಕಿ. 150 ಮಿ.ಲೀ. ಕುದಿನೀರಿಗೆ ಎರಡು ಟೀ ಚಮಚ ಪುಡಿ, ಒಂದು ಲವಂಗ, ಐದು ನಿಮಿಷ ಮುಚ್ಚಿಟ್ಟು ಸೋಸಿ. ಹಾಲು, ಸಕ್ಕರೆ ಹಾಕದೆ ತಣ್ಣಗಾಗಲು ಬಿಡಿ. ಚಹಾದ ಒಗರು ನಾಲಿಗೆಯನ್ನು ಹಿಡಿಯುವುದರಿಂದ ಅದು ಬರೀ ಶರಬತ್ತು ಅನಿಸುವುದಿಲ್ಲ. ಇದರ 60 ಮಿ.ಲೀ.ಗೆ ಮೇಲೆ ವಿಜಯಪುರದವರಿಗೆ ಹೇಳಿದ ಅಳತೆಯಲ್ಲೇ ಲಿಂಬೆ, ಪಾಕ, ಕಡಲೆ ಕಟ್ಟು ಸೇರಿಸಿ ಅದೇ ರೀತಿ ಕುಲುಕಿ. ನೊರೆಯೂ ಬಣ್ಣವೂ ಹೆಚ್ಚುಕಡಿಮೆ ಒಂದೇ ಬರುತ್ತವೆ.

ಒಂದೇ ತರಹ ಕಾಣುವುದರಿಂದಲೇ ಒಂದು ಮಾತು. ಎರಡಕ್ಕೂ ಬೇರೆ ಬೇರೆ ಬಾಟಲಿ ಇಟ್ಟುಕೊಳ್ಳಿ, ಚಹಾ ಗ್ಲಾಸಿನ ಅಂಚಿಗೆ ಲಿಂಬೆಯ ಬಿಲ್ಲೆ ಸಿಕ್ಕಿಸಿ, ಯಾವುದು ಯಾವುದೆಂದು ಬಾಯಿಬಿಟ್ಟು ಹೇಳಿಯೇ ಕೈಗೆ ಕೊಡಿ. ತಮಾಷೆಗೆಂದು ಯಾರಾದರೂ ನಿಮ್ಮ ಮೈದುನರ ಗ್ಲಾಸಿಗೆ ವಿಸ್ಕಿ ಬೆರೆಸಲು ಹೊರಟರೆ ಅಲ್ಲೇ ತಡೆಯಿರಿ.