ಬಿಸಿಯಾದಾಗ ಪ್ರೆಶರ್ ಸೆನ್ಸರ್ ರೀಡಿಂಗ್ ಏಕೆ ಜಾರುತ್ತದೆ?

ಒತ್ತಡ ಬದಲಾಗದಿದ್ದರೂ ಬೋರ್ಡ್ ಬಿಸಿಯಾದಂತೆ ರೀಡಿಂಗ್ ಜಾರುತ್ತದೆ, ಸೆನ್ಸರ್ ಹಾಳಾಗಿದೆಯಾ ಎಂದು ಕೇಳಿದ್ದೀರಿ. ಬಹುಶಃ ಇಲ್ಲ. ಅದು ಸಿಲಿಕಾನ್‌ನ ಹುಟ್ಟುಗುಣ.

ನಿಮ್ಮದು ಪೀಜೋರೆಸಿಸ್ಟಿವ್ ಸೆನ್ಸರ್ (ಸೆಳೆತ ಬಿದ್ದಾಗ ರೆಸಿಸ್ಟೆನ್ಸ್ ಬದಲಾಗುವ ಬಗೆ) ಅಲ್ವಾ? ಅದರೊಳಗೆ ತೆಳುವಾದ ಸಿಲಿಕಾನ್ ಪೊರೆ ಇರುತ್ತದೆ. ಒತ್ತಡ ಬಿದ್ದರೆ ಬಾಗುತ್ತದೆ. ಸೆಳೆತ ಜಾಸ್ತಿ ಇರುವ ಅಂಚುಗಳ ಹತ್ತಿರ ಸಿಲಿಕಾನ್‌ನಲ್ಲೇ ನಾಲ್ಕು ರೆಸಿಸ್ಟರ್ ಮೂಡಿಸಿರುತ್ತಾರೆ. ಪೊರೆ ಬಾಗಿದಾಗ ಎರಡರ ರೆಸಿಸ್ಟೆನ್ಸ್ ಏರುತ್ತದೆ, ಇನ್ನೆರಡರದ್ದು ಇಳಿಯುತ್ತದೆ. ಈ ನಾಲ್ಕನ್ನೂ ಜೋಡಿಸಿದ ವೀಟ್‌ಸ್ಟೋನ್ ಬ್ರಿಡ್ಜ್ ಎಂಬ ಸರ್ಕ್ಯೂಟ್ ಆ ವ್ಯತ್ಯಾಸವನ್ನು ಮಿಲಿವೋಲ್ಟ್‌ಗಳಲ್ಲಿ ಕೊಡುತ್ತದೆ. ಸೆಳೆತಕ್ಕೆ ರೆಸಿಸ್ಟೆನ್ಸ್ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ ಗೇಜ್ ಫ್ಯಾಕ್ಟರ್. ಸೆಳೆತ ಅಳೆಯುವ ಲೋಹದ ಸ್ಟ್ರೈನ್ ಗೇಜ್‌ನಲ್ಲಿ ಅದು ಸುಮಾರು 2, ಸಿಲಿಕಾನ್‌ನದು 100ರ ಆಸುಪಾಸು. 1954ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಸ್ಮಿತ್ ಈ ಗುಣವನ್ನು ಪ್ರಕಟಿಸಿದ ಮೇಲೇ ಇಂಥ ಸೆನ್ಸರ್‌ಗಳ ದಾರಿ ತೆರೆದದ್ದು.

ಆದರೆ ಇಷ್ಟು ಸೂಕ್ಷ್ಮವಾದದ್ದು ಬಿಸಿಗೂ ಸ್ಪಂದಿಸುತ್ತದೆ. ನಾಲ್ಕೂ ರೆಸಿಸ್ಟರ್ ಪೂರ್ತಿ ಒಂದೇ ತರ ಇರುವುದಿಲ್ಲ, ಹಾಗಾಗಿ ಸೊನ್ನೆ (ಒತ್ತಡವೇ ಇಲ್ಲದಾಗಿನ ರೀಡಿಂಗ್) ಸರಿಯುತ್ತದೆ. ಚಿಪ್ ಮತ್ತು ಪ್ಯಾಕೇಜ್ ಬೇರೆಬೇರೆಯಾಗಿ ಹಿಗ್ಗುವುದರಿಂದಲೂ ಪೊರೆಗೆ ಸುಮ್ನೆ ಒಂದು ಸೆಳೆತ ಬೀಳುತ್ತದೆ. ಇದು ಸಾಲದು ಎಂಬಂತೆ ಬಿಸಿ ಹೆಚ್ಚಿದಂತೆ ಸಂವೇದನೆಯೂ (ಅಷ್ಟೇ ಒತ್ತಡಕ್ಕೆ ಸಿಗುವ ಸಿಗ್ನಲ್) ಕುಗ್ಗುತ್ತದೆ. ಬ್ರಿಡ್ಜ್‌ಗೆ ಸ್ಥಿರ ವೋಲ್ಟೇಜ್ ಬದಲು ಸ್ಥಿರ ಕರೆಂಟ್ ಕೊಟ್ಟರೆ ಈ ಕುಗ್ಗುವಿಕೆ ಸ್ವಲ್ಪ ಸರಿಹೋಗುತ್ತದೆ: ಬಿಸಿಗೆ ರೆಸಿಸ್ಟೆನ್ಸ್ ಏರುತ್ತದೆ, ಬ್ರಿಡ್ಜ್ ವೋಲ್ಟೇಜ್ ಕೂಡ ಅದರ ಜೊತೆ ಏರುತ್ತದೆ.

ಮೊದಲು ಹೀಗೆ ಮಾಡಿ. ಒತ್ತಡ ಬದಲಿಸದೆ ಎರಡು ಮೂರು ತಾಪಮಾನಗಳಲ್ಲಿ ಔಟ್‌ಪುಟ್ ಬರೆದುಕೊಳ್ಳಿ, ಆಮೇಲೆ ತಣ್ಣಗಾಗಲು ಬಿಡಿ. ಹಳೆಯ ಅಂಕಿಗೇ ವಾಪಸ್ ಬಂದರೆ ಸೆನ್ಸರ್ ಚೆನ್ನಾಗಿದೆ, ಕೋಡ್‌ನಲ್ಲೇ ತಿದ್ದುಪಡಿ ಹಾಕಬಹುದು. ವಾಪಸ್ ಬರದಿದ್ದರೆ ಬೆಸುಗೆ ಅಥವಾ ಸ್ಕ್ರೂ ಪ್ಯಾಕೇಜನ್ನು ಎಳೆಯುತ್ತಿದೆಯಾ ನೋಡಿ.