ದೊಡ್ಡ ಸ್ವಿಮ್‌ಬೈಟ್ (ಈಜುವ ಮೀನಿನ ಆಕಾರದ ಕೃತಕ ಎರೆ) ಎಸೆದರೆ ಬಾಸ್ ಮೀನುಗಳು ಬೆದರಿ ಓಡುತ್ತವೆ. ಸದ್ದಾಗದಂತೆ ಎಸೆಯುವುದು ಹೇಗೆ, ಅಥವಾ ಸಣ್ಣ ಬೈಟಿಗೆ ಇಳಿಯಲೇ?

ತಿಳಿನೀರು, 8 ಇಂಚಿನ ಬೈಟು, ಅದು ಬಿದ್ದ ಸದ್ದಿಗೇ ಮೀನು ಮಾಯ, ಇನ್ನು 5 ಇಂಚಿಗೆ ಇಳಿಯಲೇ ಅಂತ ಕೇಳಿದ್ದೀರಿ. ಇಳಿಯಬೇಡಿ. ನಿಮ್ಮ ಮೀನು ಆ ಸದ್ದಿಗೆ ಓಡುತ್ತಿಲ್ಲ ಅಂತಲೇ ನನ್ನ ಗುಮಾನಿ. ಇದೇ ಪ್ರಶ್ನೆ ಹಿಂದೆ ನನ್ನನ್ನೂ ಕಾಡಿತ್ತು, ಅದಕ್ಕೆ ನಾನೇ ಹುಡುಕಿಕೊಂಡ ಉತ್ತರ ಒಂದಿಡೀ ಸೀಸನ್ನು ನುಂಗಿಹಾಕಿತು.

ನಾನು ಹಠಕ್ಕೆ ಬಿದ್ದಿದ್ದು ಬೈಟನ್ನು ಮೆತ್ತಗೆ ಇಳಿಸುವುದಕ್ಕೆ. ಕೊಕ್ಕೆ ಬಿಚ್ಚಿಟ್ಟು, ಟ್ರೌಟ್ ಮೀನಿನ ಆಕಾರದ 5 ಔನ್ಸಿನ ಮೆದು ಪ್ಲಾಸ್ಟಿಕ್ ಬೈಟನ್ನು ಖಾಲಿ ಬಯಲಲ್ಲಿ ಎಸೆದೂ ಎಸೆದೂ ಹೆಬ್ಬೆರಳಿನ ಚರ್ಮ ಸುಲಿದುಹೋಗಿತ್ತು. ಕೊನೆಗೆ ಕಲಿತೆ ಕೂಡ: ಲೈನ್ ಸುತ್ತಿರುವ ಸ್ಪೂಲನ್ನು ಹೆಬ್ಬೆರಳಲ್ಲಿ ಸವರುತ್ತಾ ಬಂದು, ನೀರು ಮುಟ್ಟುವ ಹೊತ್ತಿಗೆ ರಾಡಿನ ತುದಿ ಎತ್ತಿದರೆ ಅಷ್ಟು ತೂಕದ ಬೈಟೂ ಸುಮ್ಮನೆ ಜಾರಿಕೊಂಡು ಒಳಗೆ ಹೋಗುತ್ತದೆ. ಆದರೆ ಅಷ್ಟು ಹಿಡಿತ ನನಗೆ ಸಿಗುತ್ತಿದ್ದದ್ದು 50 ಅಡಿಯೊಳಗೆ ಮಾತ್ರ. ದೂರ ಎಸೆದಷ್ಟೂ ವೇಗ, ವೇಗ ಇದ್ದಷ್ಟೂ ಸದ್ದು. ಹಾಗಾಗಿ ದೂರ ಎಸೆಯುವುದನ್ನೇ ಬಿಟ್ಟು ದೋಣಿಯನ್ನು ಮೀನಿನ ಹತ್ತಿರಕ್ಕೆ ಒಯ್ಯತೊಡಗಿದೆ.

ಎಡವಿದ್ದು ಇಲ್ಲೇ. ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನೀವೂ ಇದೇ ಹಾದಿಯಲ್ಲಿದ್ದೀರಿ ಅನ್ನಿಸುತ್ತಿದೆ. ಸದ್ದು ಕಡಿಮೆ ಮಾಡಲು ಹತ್ತಿರ ಹೋದೆ. ಹತ್ತಿರ ಹೋಗಲು ಟ್ರೋಲಿಂಗ್ ಮೋಟರ್ (ದೋಣಿಯನ್ನು ನಿಧಾನ ಸರಿಸುವ ಸಣ್ಣ ವಿದ್ಯುತ್ ಮೋಟರ್) ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಎಸೆಯುವಾಗ ಕಣ್ಣೆಲ್ಲ ಬೈಟಿನ ಮೇಲೆ, ಅದು ಬಿದ್ದ ಮೇಲೆ ನೋಡಿದರೆ ಮೀನಿಲ್ಲ. ಅಲ್ಲಿಗೆ ತಪ್ಪು ಬೈಟಿನ ತಲೆಗೆ. ಇನ್ನೂ ಮೆತ್ತಗೆ ಬೀಳಬೇಕು ಅಂತ ಇನ್ನೂ ಹತ್ತಿರ. 50 ಅಡಿ ಇದ್ದದ್ದು 40 ಆಯಿತು, 30 ಆಯಿತು. ಸಾಲದ್ದಕ್ಕೆ ಹೆಬ್ಬೆರಳು ಒತ್ತುವ ಚಟಕ್ಕೆ ಬಿದ್ದು, ಮೀನಿನಿಂದ ಆಚೆಗೆ ಬೀಳಬೇಕಾದ ಬೈಟು ಅರ್ಧಕ್ಕೇ ಬ್ರೇಕ್ ಹಾಕಿಸಿಕೊಂಡು ಅದರ ನೆತ್ತಿಯ ಮೇಲೇ ಇಳಿಯುತ್ತಿತ್ತು. ಮೆತ್ತಗೇ ಇಳಿಯುತ್ತಿತ್ತು, ಆ ಮಾತು ಬೇರೆ.

ಇದನ್ನು ಕಂಡುಹಿಡಿದವನು ನಾನಲ್ಲ, ನನ್ನ ಗೆಳೆಯ. ಅವನು ದಡದ ಎತ್ತರದ ಬಂಡೆಯ ಮೇಲೆ ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಕೂತಿದ್ದ. ಮುಳುಗಿದ ಮರದ ಪಕ್ಕ ನಿಂತಿದ್ದ ದೊಡ್ಡ ಬಾಸ್ ಅವನಿಗೆ ಪೂರ್ತಿ ಕಾಣುತ್ತಿತ್ತು. ನಾನು ಎಸೆದೆ, ಚೆಂದಾಗಿ ಇಳಿಸಿದೆ, ಏನೂ ಆಗಲಿಲ್ಲ. ಮೇಲಿಂದ ಕೂಗಿದ: "ಲೋ, ನೀನು ಎಸೆಯೋಕೆ ಮುಂಚೇನೇ ಅದು ಹೊರಟೋಯ್ತಲ್ಲೋ! ಮೋಟರ್ ಒತ್ತಿದ್ಯಲ್ಲ, ಆಗ್ಲೇ."

ನನಗೆ ಸಿಟ್ಟೇ ಬಂತು. ನಂಬದೆ ಜಾಗ ಅದಲುಬದಲು ಮಾಡಿಕೊಂಡು, ನಾನು ಬಂಡೆ ಹತ್ತಿ ಕೂತೆ. ಅವನಿಗೆ ಮೆತ್ತಗೆ ಎಸೆಯುವ ವಿದ್ಯೆ ಬರುವುದಿಲ್ಲ. ತುಂಬಾ ಹಿಂದೆಯೇ ಮೋಟರ್ ಆರಿಸಿ, ಇನ್ನೊಂದು ಮೀನಿನಿಂದ 20 ಅಡಿಗೂ ಆಚೆ ಧಡಾರನೆ ಬೀಳಿಸಿದ. ಮೀನು ಓಡಲಿಲ್ಲ, ಸದ್ದಾದ ಕಡೆಗೆ ಮೂತಿ ತಿರುಗಿಸಿ ನಿಂತಿತು. ಕಚ್ಚಲಿಲ್ಲ ಅನ್ನಿ. ಆದರೆ ನೋಡಿತು, ಬೈಟಿನ ಹಿಂದೆ ಒಂದಷ್ಟು ದೂರ ಬಂತು. ಅದಕ್ಕೆ ಹೋಲಿಸಿದರೆ ನನ್ನ ನಾಜೂಕು ಎಸೆತಗಳಿಗೆ ಬಾಸ್‌ಗಳು ಕೊಟ್ಟಿದ್ದು ಬೆನ್ನು ಮಾತ್ರ.

ಆಮೇಲೆ ಕಾರಣ ಹುಡುಕುತ್ತಾ ಹೋದೆ. ನೀರಿನೊಳಗಿನ ಮೀನಿಗೆ ಮೇಲಿನ ಪ್ರಪಂಚ ಕಾಣುವುದು ನೆತ್ತಿಯ ಮೇಲಿನ ದುಂಡು ಕಿಂಡಿಯೊಂದರಿಂದ, ಸ್ನೆಲ್ಸ್ ವಿಂಡೋ ಅನ್ನುತ್ತಾರೆ. ಅದರ ಕೋನ ಸುಮಾರು 97 ಡಿಗ್ರಿ. ಲೆಕ್ಕ ಹಾಕಿದರೆ 4 ಅಡಿ ಆಳದಲ್ಲಿರುವ ಮೀನಿಗೆ ನೀರಿನ ಮೇಲ್ಮೈಯಲ್ಲಿ 9 ಅಡಿ ಅಗಲದ ವೃತ್ತ. ಅದರಾಚೆಗೆ ಮೇಲ್ಮೈ ಬರೀ ಕನ್ನಡಿ, ಕೆಳಗಿನದನ್ನೇ ತೋರಿಸುತ್ತದೆ. ಆ ವೃತ್ತದೊಳಗೆ ಮೇಲಿನಿಂದ ಕಪ್ಪಗೆ ಏನೋ ಎರಗಿತೆಂದರೆ ಮೀನಿನ ಪಾಲಿಗೆ ಅದು ಹದ್ದೋ ಕೊಕ್ಕರೆಯೋ ಆಗಿರಬಹುದು. ಎಷ್ಟು ಮೆತ್ತಗೆ ಎರಗಿದರೇನು! ವೃತ್ತದ ಹೊರಗೆ ಬಿದ್ದರೆ ಸದ್ದು ಕೇಳಿಸುತ್ತದೆ, ಹಾರಿ ಬಂದದ್ದು ಕಿಂಡಿಯ ಅಂಚಿನಲ್ಲಿ ಅಸ್ಪಷ್ಟವಾಗಿ ಕಂಡರೆ ಕಂಡೀತು ಅಷ್ಟೆ. ನಿಮ್ಮ ದೇಹದ್ದೂ ಇದೇ ಕಥೆ. ದೋಣಿಯ ಮೇಲೆ ನಿಂತಾಗ ತಲೆ ನೀರಿನಿಂದ 8 ಅಡಿ ಎತ್ತರ ಅಂದುಕೊಳ್ಳಿ. 90 ಅಡಿ ದೂರದಲ್ಲಿ ಅದು ನೀರಿನ ಮಟ್ಟದಿಂದ ಬರೀ 5 ಡಿಗ್ರಿ ಮೇಲೆ, ಕಿಂಡಿಯ ಅಂಚಿನಲ್ಲಿ ಅಪ್ಪಚ್ಚಿಯಾಗಿ ಕಾಣುತ್ತದೆ. 30 ಅಡಿಗೆ ಬಂದಿರೋ, 15 ಡಿಗ್ರಿ. ಕೈ ಬೀಸುವುದೂ ಕಾಣುತ್ತದೆ.

ಇನ್ನು ಸದ್ದು. ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್, ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ನೀವು ಡೆಕ್ ಮೇಲೆ ಕೈತಪ್ಪಿಸಿದ ಇಕ್ಕಳ, ಧಡಾರನೆ ಮುಚ್ಚಿದ ಪೆಟ್ಟಿಗೆಯ ಮುಚ್ಚಳ, ಎಲ್ಲವೂ ದೋಣಿಯ ತಳದಿಂದ ನೀರಿಗೆ ಇಳಿಯುತ್ತವೆ. ಒಂದೇ ಸಮನೆ ಗುಂಯ್‌ಗುಡುವ ಮೋಟರಿಗೆ ಮೀನು ಹೊಂದಿಕೊಳ್ಳುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆರಿ ಹತ್ತುವ ಮೋಟರಿಗೆ ಅಲ್ಲ. ಜಿಪಿಎಸ್‌ನಲ್ಲಿ ದೋಣಿಯನ್ನು ಒಂದೇ ಕಡೆ ನಿಲ್ಲಿಸುವ ಸ್ಪಾಟ್‌ಲಾಕ್ ಮಾಡುವುದೂ ಅದನ್ನೇ, ಗಾಳಿ ತಳ್ಳಿದಾಗಲೆಲ್ಲ ಪ್ರೊಪೆಲರ್ ತಿರುಗಿಸಿ ನಿಲ್ಲಿಸುತ್ತಿರುತ್ತದೆ. ಎಲ್ಲರೂ ಹೊಗಳುವ ಈ ಸೌಕರ್ಯವನ್ನು ತಿಳಿನೀರಿನ ದೊಡ್ಡ ಮೀನಿನ ಹತ್ತಿರ ನಾನು ಮುಟ್ಟುವುದಿಲ್ಲ. ಲಂಗರನ್ನು ಕೈಯಿಂದ ನಿಧಾನ ಇಳಿಸುತ್ತೇನೆ, ಇಲ್ಲವೇ ಗಾಳಿಗೆ ತೇಲಿಕೊಂಡು ಬರುತ್ತೇನೆ.

ಬೈಟು ಬೀಳುವ ಸದ್ದೇ ಶತ್ರುವಾಗಿದ್ದರೆ ಈ ಗಾಳವೇ ಹುಟ್ಟುತ್ತಿರಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಕಸ್ಟೇಕ್‌ನಂಥ ಜಲಾಶಯಗಳಿಗೆ ಮೀನುಮರಿ ಕೇಂದ್ರಗಳ ರೇನ್‌ಬೋ ಟ್ರೌಟ್ ತಂದು ಬಿಡುತ್ತಿದ್ದರು, ಅವನ್ನು ತಿಂದ ಬಾಸ್ ಭಾರೀ ಗಾತ್ರಕ್ಕೆ ಬೆಳೆದವು, ಟ್ರೌಟ್ ಆಕಾರದ ದೊಡ್ಡ ಸ್ವಿಮ್‌ಬೈಟ್ ಬಂದದ್ದು ಆ ಹಿನ್ನೆಲೆಯಲ್ಲಿ. ಲಾರಿಯಿಂದ ನೀರಿಗೆ ಸುರಿದ ಟ್ರೌಟ್‌ಗಳು ಸದ್ದಿಲ್ಲದೆ ಬೀಳುತ್ತಿದ್ದವೇ?

ಎಸೆತದ ಬಗ್ಗೆ ಕೇಳಿದ್ದೀರಲ್ಲ, ಅದಕ್ಕೂ ಹೇಳಿಬಿಡುತ್ತೇನೆ. 8 ಅಡಿ ಆಸುಪಾಸಿನ ರಾಡು, ತುದಿಯಿಂದ ಎರಡು ಮೂರು ಅಡಿ ಲೈನ್ ಇಳಿಬಿಟ್ಟು, ಎರಡೂ ಕೈಯಲ್ಲಿ ನಿಧಾನಕ್ಕೆ ತೂಗಿ ಎಸೆಯಿರಿ. ಚಾಟಿ ಬೀಸಿದಂತೆ ಬೀಸಿದರೆ ಸ್ಪೂಲ್ ಸಿಕ್ಕಾಗುತ್ತದೆ, ಇಲ್ಲವೇ ಬೈಟು ಲೈನ್ ಹರಿದುಕೊಂಡು ಒಂಟಿಯಾಗಿ ಹಾರಿಹೋಗುತ್ತದೆ. ಮುಗಿಲೆತ್ತರಕ್ಕೆ ಎಸೆದರೆ ಬೈಟು ನೆಟ್ಟಗೆ ಬಂದು ಬಡಿಯುತ್ತದೆ, ಪಕ್ಕದಿಂದ ತಗ್ಗಿನಲ್ಲಿ ಹೋದರೆ ಓರೆಯಾಗಿ ಜಾರುತ್ತದೆ. ಹೆಬ್ಬೆರಳು ಕೊನೆಯ ಕೆಲವೇ ಅಡಿಗಳಲ್ಲಿ, ಬೈಟಿನ ಮೂತಿ ನೇರವಾಗುವಷ್ಟು ಮಾತ್ರ ತಾಕಲಿ. ಪೂರ್ತಿ ಒತ್ತಿ ಗಾಳಿಯಲ್ಲೇ ನಿಲ್ಲಿಸಿದರೆ ಬೈಟು ಹಿಂದಕ್ಕೆ ಮಗುಚಿ ಕೊಕ್ಕೆ ಲೈನಿಗೇ ಸಿಕ್ಕಿಕೊಳ್ಳುತ್ತದೆ. 20–25 ಪೌಂಡಿನ ಲೈನ್ ಸಾಕು. ಮೇಲೆ ತೇಲುವ ಗ್ಲೈಡ್ ಬೈಟಾದರೆ (ಎಳೆದಾಗ ಎಡಬಲ ಜಾರುವ ಬೈಟು) ಮಾನೋ ಅಂದರೆ ನೈಲಾನ್ ಲೈನ್, ಮುಳುಗುವುದಕ್ಕೆ ಬೇಗ ಮುಳುಗುವ ಫ್ಲೂರೋಕಾರ್ಬನ್ ಲೈನ್.

ಗುರಿ ಮೀನಲ್ಲ. ಅದರಿಂದ 20–30 ಅಡಿ ಆಚೆ, ಸ್ವಲ್ಪ ಪಕ್ಕಕ್ಕೆ. ಬಿದ್ದ ಕೂಡಲೇ ಎಳೆಯಬೇಡಿ, ಅಲೆ ಅಡಗಲಿ. ಹಡಲ್‌ಸ್ಟನ್ ಕಂಪನಿಯ ಬೈಟುಗಳ ಮೇಲೆ ಆರ್‌ಒಎಫ್ 5, ಆರ್‌ಒಎಫ್ 12 ಅಂತ ಇರುತ್ತದಲ್ಲ, 10 ಸೆಕೆಂಡಿಗೆ ಅಷ್ಟು ಅಡಿ ಮುಳುಗುತ್ತದೆ ಅಂತ ಅರ್ಥ. ಅದನ್ನು ನೋಡಿ ಎಣಿಸುತ್ತಾ ಬೇಕಾದ ಆಳಕ್ಕೆ ಇಳಿಸಿ. ಆಮೇಲೆ ಬೈಟು ಮೀನಿನ ಪಕ್ಕ ಹಾದು ಹೋಗಬೇಕೇ ಹೊರತು ಅದರ ಮುಖಕ್ಕೇ ನುಗ್ಗಬಾರದು. ಬಲಿಯಾಗುವ ಮೀನು ತಾನಾಗಿ ಬಾಸ್ ಬಾಯಿಗೆ ನುಗ್ಗುವುದುಂಟೇ? ದಡದಲ್ಲಿ ಕಲ್ಲು ಮಣ್ಣು ಇದ್ದರೆ ಅಲ್ಲೇ ಬೀಳಿಸಿ ನೀರಿಗೆ ಎಳೆದುಕೊಳ್ಳುವುದೂ ನನಗೆ ಇಷ್ಟ, ಬೈಟಿನ ಬಣ್ಣ ಕೆರೆದರೆ ಕೆರೆಯಲಿ.

5 ಇಂಚಿನದಕ್ಕೆ ಇಳಿದರೆ ಕಚ್ಚುವ ಮೀನು ಖಂಡಿತ ಹೆಚ್ಚುತ್ತದೆ, ಅದೇ ಬೇಕಿದ್ದರೆ ನನ್ನ ತಕರಾರಿಲ್ಲ. ಆದರೆ ಮೋಟರ್ ಒತ್ತುತ್ತಾ 30 ಅಡಿಗೆ ಹೋಗುವ ಅಭ್ಯಾಸ ಹಾಗೇ ಇದ್ದರೆ ಆ ದೊಡ್ಡ ಬಾಸ್ ಸಣ್ಣ ಬೈಟನ್ನೂ ನೋಡುವುದಿಲ್ಲ. ಮೊದಲು 90 ಅಡಿಯಲ್ಲೇ ಮೋಟರ್ ಆರಿಸಿ, ನೀರಿನ ಮೇಲೆ ಗಾಳಿಯ ಸಣ್ಣ ಅಲೆ ಏಳುವವರೆಗೆ ಕಾಯಿರಿ, ಅಲೆ ಎದ್ದರೆ ಆ ಕಿಂಡಿಯ ನೋಟವೇ ಕಲಕಿಹೋಗುತ್ತದೆ. ಆಗ ನಿಮ್ಮ ಅದೇ 8 ಇಂಚಿನದನ್ನು ಎಸೆಯಿರಿ, ಬಿದ್ದ ಸದ್ದು ಜೋರಾದರೆ ಆಗಲಿ.