ದೊಡ್ಡದರಿಂದ ಚಿಕ್ಕದನ್ನು ಕಳೆದರೆ ನೀರು ಗುಡ್ಡ ಹತ್ತುತ್ತದೆ

ಪರೀಕ್ಷೆ ಹತ್ತಿರ ಬಂತೆಂದರೆ ರೇಖೆಯ ಇಳಿಜಾರಿನ ಬಗ್ಗೆ ಇವೇ ಪ್ರಶ್ನೆಗಳು. ಇಳಿಜಾರು ಅಂದರೆ ಎರಡು ಬಿಂದುಗಳ ಎತ್ತರದ ವ್ಯತ್ಯಾಸವನ್ನು ಅಡ್ಡ ದೂರದ ವ್ಯತ್ಯಾಸದಿಂದ ಭಾಗಿಸಿದ್ದು. ಗ್ರಾಫಿನಲ್ಲಿ ಬಿಂದು ಗುರುತಿಸುವುದು ಹೇಗೆ ಎಂದೆಲ್ಲ ನಾನು ಹೇಳುವುದಿಲ್ಲ. ಅದು ಗೊತ್ತಿರಲೇಬೇಕು.

ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. (2, 7) ಮತ್ತು (6, −1) ಬಿಂದುಗಳನ್ನು ಸೇರಿಸುವ ರೇಖೆಯ ಇಳಿಜಾರು 2 ಎಂದು ಬರೆದಳು. ಟೀಚರ್ ತಪ್ಪು ಹಾಕಿದ್ದಾರೆ. ಟ್ಯೂಷನ್‌ನಲ್ಲಿ ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದಿದ್ದಾರಂತೆ. ಯಾರು ಸರಿ? — ಒಬ್ಬ ತಾಯಿ, ಪೆರ್ಲ

ಟೀಚರ್ ಸರಿ. ಈ ‘ದೊಡ್ಡದು ಚಿಕ್ಕದು’ ಎಂಬ ಉಪಾಯವನ್ನು ಯಾರು ಶುರು ಮಾಡಿದರೋ, ಮಕ್ಕಳ ಅಂಕ ಮಾತ್ರ ಹೋಗುತ್ತಲೇ ಇದೆ.

ನಿಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗವನ್ನೇ ತೆಗೆದುಕೊಳ್ಳಿ. ಮುರಕಲ್ಲಿನ ಗುಡ್ಡದೊಳಗಿಂದ ಅದರ ನೀರು ಪಂಪಿಲ್ಲದೆ ತಾನಾಗಿ ಹೊರಗೆ ಬರುತ್ತದೆ, ಅಲ್ವಾ? ಅದರ ಬಾಯಿಯಿಂದ ತೋಟಕ್ಕೆ ಪೈಪ್ ಹಾಕಿದ್ದೀರಿ ಎಂದುಕೊಳ್ಳಿ. ಬಾಯಿ 18 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಅಡ್ಡಕ್ಕೆ 60 ಮೀಟರ್ ದೂರದ ತೋಟ 12 ಮೀಟರ್ ಎತ್ತರದಲ್ಲಿದೆ. ಅಂದರೆ (0, 18) ಮತ್ತು (60, 12). ತೋಟದಿಂದ ಸುರಂಗ ಕಳೆಯಿರಿ: ಎತ್ತರ 12 − 18 = −6, ದೂರ 60 − 0 = 60. ಇಳಿಜಾರು −1/10. ಈಗ ಸುರಂಗದಿಂದ ತೋಟ ಕಳೆಯಿರಿ: 6 ಭಾಗಿಸು −60. ಮತ್ತೆ −1/10. ಯಾವ ಬಿಂದುವಿನಿಂದ ಬೇಕಾದರೂ ಶುರು ಮಾಡಿ. ಮೇಲೆ ಯಾವ ಕ್ರಮವೋ ಕೆಳಗೂ ಅದೇ ಕ್ರಮ ಇರಬೇಕು, ಅಷ್ಟೇ.

ಟ್ಯೂಷನ್ ಲೆಕ್ಕದಲ್ಲಾದರೆ 6 ಭಾಗಿಸು 60, ಅಂದರೆ +1/10. ನೀರು ತೋಟದ ಕಡೆಗೆ ಗುಡ್ಡ ಹತ್ತಿಕೊಂಡು ಹೋಗಬೇಕು!

ಮಗಳ ಲೆಕ್ಕದಲ್ಲಿ −1 − 7 = −8, 6 − 2 = 4. ಉತ್ತರ −2. ತಿರುಗಿಸಿ ಮಾಡಿದರೆ 7 − (−1) ಬರುತ್ತದೆ. ಆ ಆವರಣ ಬಿಟ್ಟರೆ 8 ಹೋಗಿ 6 ಆಗುತ್ತದೆ. ಜಾಸ್ತಿ ಮಕ್ಕಳು ಮುಗ್ಗರಿಸುವುದು ಅಲ್ಲೇ. ಒಂದು ಬಿಂದುವಿನ ಕೆಳಗೆ ಇನ್ನೊಂದನ್ನು ಬರೆದು ಕಳೆಯಲು ಹೇಳಿ. ಮೊದಲು ಸುಮ್ನೆ ಒಂದು ಕಚ್ಚಾ ಚಿತ್ರವನ್ನೂ ಬಿಡಿಸಲಿ. ಎಡದಿಂದ ಬಲಕ್ಕೆ ರೇಖೆ ಇಳಿದರೆ ಉತ್ತರ ಋಣವೇ. ಅನುಮಾನ ಉಳಿದರೆ ಅದೇ ರೇಖೆಯ (4, 3) ಬಿಂದುವನ್ನು ಹಿಡಿದು ಪರೀಕ್ಷಿಸಲಿ: (3 − 7) ಭಾಗಿಸು (4 − 2), ಅಲ್ಲೂ −2.

10 ಶೇಕಡಾ ಏರು ಅಂದರೆ 10 ಡಿಗ್ರಿ ತಾನೇ? — ಬದಿಯಡ್ಕ

ಅಲ್ಲ. ಅಡ್ಡಕ್ಕೆ 100 ಮೀಟರ್ ಹೋದಾಗ 10 ಮೀಟರ್ ಏರಿದರೆ ಅದು 10 ಶೇಕಡಾ; ಕೋನ ಸುಮಾರು 5.7 ಡಿಗ್ರಿ. 100 ಶೇಕಡಾ ಅಂದರೂ ಬರೀ 45 ಡಿಗ್ರಿ, ನೇರ ಗೋಡೆಯಲ್ಲ.

ನೆಟ್ಟಗೆ ನಿಂತ ರೇಖೆಗೆ ಇಳಿಜಾರು ಸೊನ್ನೆಯೇ? — ಕುಂಬಳೆ

ಸೊನ್ನೆ ಮಲಗಿದ ರೇಖೆಗೆ. ನಿಂತ ರೇಖೆಗೆ ಇಳಿಜಾರೇ ಇಲ್ಲ. ಅಲ್ಲಿ ಅಡ್ಡ ದೂರದ ವ್ಯತ್ಯಾಸ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ.

ಕೋನಮಾಪಕ ಇಟ್ಟು ಅಳೆದರೆ ಆಗದೇ? — ಮಂಜೇಶ್ವರ

ಎರಡೂ ಅಕ್ಷಗಳ ಅಳತೆ ಒಂದೇ ಇಲ್ಲದಿದ್ದರೆ ಕೋನ ಸುಳ್ಳು ಹೇಳುತ್ತದೆ. ಬೇಡ.

‘ಸೂತ್ರವಿಲ್ಲದೆ 5 ಸೆಕೆಂಡಿನಲ್ಲಿ ಇಳಿಜಾರು’ ಎಂಬ ವಿಡಿಯೊ ನಂಬಬಹುದೇ? — ಮುಳ್ಳೇರಿಯ

ಅದರಲ್ಲಿ ಇಳಿಯುವ ರೇಖೆ ಒಂದಾದರೂ ಇದೆಯೇ ನೋಡಿ. ಇಲ್ಲದಿದ್ದರೆ ಮುಚ್ಚಿಡಿ.